ಗಿರಿಜತ್ತೆ ಮತ್ತು ಕೀ ಬೇಡದ ಗಡಿಯಾರ

ಗಿರಿಜತ್ತೆಯ ಎಡಗೈ ಸುಮ್ಮನೆ ಇದ್ದದ್ದನ್ನು ದಾವಣಗೆರೆಯ ವಿನೋಬನಗರದಲ್ಲಿ ಯಾರೂ ನೋಡಿದವರಿಲ್ಲ. ಮಾತಾಡುವಾಗ ಬೀಸುತ್ತಿದ್ದಳು. ಮಾತು ಮುಗಿದ ಮೇಲೂ ಬೀಸುತ್ತಿದ್ದಳು. ಟಿವಿ ನೋಡುತ್ತ, ಅಕ್ಕಿ ಆರಿಸುತ್ತ, ಸತ್ತವರ ಮನೆಗೆ ಮಾತಾಡಿಸಲು ಹೋಗಿ ಕೂತಾಗಲೂ ಮಣಿಕಟ್ಟನ್ನು ಹಿಂದೆ ಮುಂದೆ ತಿರುವುತ್ತಲೇ ಇರುತ್ತಿದ್ದಳು. ರಸ್ತೆಯಲ್ಲಿ ನಡೆದು ಹೋಗುವಾಗ ಆಟೋದವರು ತಮ್ಮನ್ನೇ ಕರೆದಳೆಂದುಕೊಂಡು ಗಕ್ಕನೆ ನಿಲ್ಲಿಸುತ್ತಿದ್ದರು. "ನಿನ್ನ ಯಾರಪ್ಪ ಕರೆದ್ರು? ನನ್ನ ಕೈ, ನಾನು ಬೀಸ್ಕೊಂತೀನಿ. ನಿಂಗೇನು ಕಷ್ಟ?" ಎಂದು ಅವರ ಮೇಲೇ ಜೋರು ಮಾಡುತ್ತಿದ್ದಳು. ಆಟೋದವರು ಪಕ್ಕದಲ್ಲಿದ್ದ ನನ್ನ ಮುಖ ನೋಡುತ್ತಿದ್ದರು. ನಾನು ಕರೆಂಟಿನ ಕಂಬ ನೋಡುತ್ತ ನಿಲ್ಲುತ್ತಿದ್ದೆ.

ಆ ಕೈಯಲ್ಲಿ ಗಂಡಸರ ಗಡಿಯಾರವೊಂದಿತ್ತು. ಹಳೇ ಕಾಲದ ಸ್ವಿಸ್ ಗಡಿಯಾರ, ಬಂಗಾರದ ಮೈ, ಹಾಲಿನ ಕೆನೆ ಬಣ್ಣದ ಮುಖ. ನನ್ನ ಸೋದರತ್ತೆಯಂಥ ರೊಟ್ಟಿ ಮಾಡುವ ಹೆಂಗಸಿನ ಕೈಯಲ್ಲಿ ಅದು ಇರುವುದೇ ವಿಚಿತ್ರ. ಅತ್ತೆಯ ಗಂಡ, ಎಂದರೆ ನನ್ನ ಮಾವ, ಒಬ್ಬ ಗಿರಣಿ ಮಾಲೀಕರ ಕಾರು ಓಡಿಸುತ್ತಿದ್ದರು. ಮಾಲೀಕರು ವಯಸ್ಸಾಗಿ, ಕಣ್ಣು ಮಂಜಾಗಿ, ಇನ್ನು ನನಗೆ ಟೈಮು ಕಾಣುವುದಿಲ್ಲ ಎಂದು ತಮ್ಮ ಕೈಯಿಂದಲೇ ಬಿಚ್ಚಿ ಮಾವನ ಕೈಗೆ ಕಟ್ಟಿದ್ದರಂತೆ. ಅದು ಆಟೋಮ್ಯಾಟಿಕ್ ಗಡಿಯಾರ. ದಿನಾ ಕೀ ಕೊಡಬೇಕಿಲ್ಲ, ಬ್ಯಾಟರಿಯೂ ಬೇಕಿಲ್ಲ. ಕಟ್ಟಿಕೊಂಡವರ ಕೈ ಆಡಿದರೆ ಸಾಕು, ತನಗೆ ತಾನೇ ಕೀ ಕೊಟ್ಟುಕೊಳ್ಳುತ್ತದೆ.

ಮಾವ ಬಡಾಯಿ ಮನುಷ್ಯರು. ಬ್ರೇಕಿಲ್ಲದ ಕಾರನ್ನು ಘಾಟಿನಲ್ಲಿ ಇಳಿಸಿದ ಕತೆ, ಕಾರಿಗೆ ಅಡ್ಡ ಬಂದ ಚಿರತೆಗೆ ಹಾರ್ನ್ ಹೊಡೆದು ದಾರಿ ಬಿಡಿಸಿದ ಕತೆ, ಇಂಥವು ಅವರ ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದವು. ಅತ್ತೆ ಒಂದನ್ನೂ ಪೂರ್ತಿ ಹೇಳಲು ಬಿಡುತ್ತಿರಲಿಲ್ಲ. ಚಿರತೆ ಕಾರಿನ ಮುಂದೆ ಬರುವಷ್ಟರಲ್ಲಿ "ಸಾಕು ಬಿಡ್ರಿ, ಹಾಲು ತಗೊಂಡು ಬರ್ರಿ" ಎಂದು ಎಬ್ಬಿಸಿ ಕಳಿಸುತ್ತಿದ್ದಳು. ಆದರೆ ಗಡಿಯಾರದ ವಿಷಯಕ್ಕೆ ಮಾತ್ರ ಬಾಯಿ ಹಾಕುತ್ತಿರಲಿಲ್ಲ. ಮಾವ ಕೈ ಮುಂದೆ ಚಾಚಿ "ಇದಕ್ಕೆ ಕೀ ಬ್ಯಾಡ. ನನ್ನ ಕೈ ಆಡಿದ್ರೆ ಇದು ಆಡ್ತೈತೆ" ಎಂದು ಬಂದವರಿಗೆಲ್ಲ ತೋರಿಸುವಾಗ ಅವಳು ಪಕ್ಕದಲ್ಲಿ ನಿಂತು ತಲೆ ಆಡಿಸುತ್ತಿದ್ದಳು. ಆ ಮನೆಯಲ್ಲಿ ಮಾವನ ಒಂದೇ ಒಂದು ಮಾತಿಗೆ ಇದ್ದ ಮರ್ಯಾದೆ ಅದು.

ಮಾವ ಹೋದರು. ಮರುದಿನ ಗಡಿಯಾರವೂ ನಿಂತಿತು. ಮಾತಾಡಿಸಲು ಬಂದವರು "ನೋಡ್ರಿ, ಯಜಮಾನರ ಜೊತೆಗೇ ಹೋಯ್ತು" ಎಂದು ಕಣ್ಣೊರೆಸಿಕೊಂಡರೆ ಅತ್ತೆ ಸಿಡುಕಿದಳು. "ಅದಕ್ಕೇನು ಗೊತ್ತು ಯಾರು ಹೋದ್ರು ಯಾರು ಬಂದ್ರು ಅಂತ? ಅದಕ್ಕೆ ಒಂದು ಕೈ ಬೇಕು ಅಷ್ಟೇ." ಎಲ್ಲರ ಮುಂದೆ ತನ್ನ ಕೈಗೆ ಕಟ್ಟಿಕೊಂಡಳು. ಬೀಸಿದಳು. ಸೆಕೆಂಡ್ ಮುಳ್ಳು ನಾಲ್ಕು ಹೆಜ್ಜೆ ಹೋಗಿ ನಿಂತಿತು.

ಅಲ್ಲೇ ಇದ್ದ ನಮ್ಮಪ್ಪ, ಅತ್ತೆಯ ಒಡಹುಟ್ಟಿದ ತಮ್ಮ, ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ನಮ್ಮೂರು ಲೋಕಿಕೆರೆಯಿಂದ ಬಂದು ಕೂತು, ಅಳುವ ಮನೆಯಲ್ಲೂ ಚೇಷ್ಟೆ ಬಿಡದ ಮನುಷ್ಯ. "ಭಾವನ ಬಡಾಯಿ ಭಾವನ ಸಂಗಡಾನೇ ಹೋತು ಬಿಡಕ್ಕ. ಕೀ ಇಲ್ಲದ ಗಡಿಯಾರ ಅಂತೆ! ಕದ್ದು ಮುಚ್ಚಿ ಕೀ ಕೊಡ್ತಿದ್ದ ಅಂತ ಕಾಣ್ತೈತೆ" ಎಂದುಬಿಟ್ಟ. ಅತ್ತೆ ಗಡಿಯಾರವನ್ನು ಸೆರಗಿನಿಂದ ಒರೆಸಿ, ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು, "ಶೈಲಾ, ಇದು ನಡೀಬೇಕು. ಕೀ ಇಲ್ಲದಂಗೇ ನಡೀಬೇಕು. ನಿಮ್ಮಪ್ಪ ನೋಡಬೇಕು."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ನಾನು ಅದೇ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು. ಅತ್ತೆ ದಿನಾ ಬೆಳಿಗ್ಗೆ ರೊಟ್ಟಿ ಬಡಿದು, ಖಾನಾವಳಿಗೆ ಕಳಿಸಿ, ನೆಟ್ಟಗೆ ನನ್ನ ಅಂಗಡಿಗೆ ಬರುತ್ತಿದ್ದಳು. ಅಳತೆ ಕೊಡಲು ಬಂದ ಗಿರಾಕಿಯ ಮೂಗಿನ ಮುಂದೆ ಗಡಿಯಾರ ಬೀಸಿ "ನೋಡೇ, ಈಗ ಹೊಂಟಿತು, ಹೊಂಟಿತು" ಎನ್ನುತ್ತಿದ್ದಳು. ಅಲುಗಿಸಿದಾಗ ನಾಲ್ಕು ಹೆಜ್ಜೆ ಓಡುತ್ತಿದ್ದದ್ದು ಬಿಟ್ಟ ಕೂಡಲೇ ನಿಲ್ಲುತ್ತಿತ್ತು. ಪಕ್ಕದಲ್ಲಿರುವ ಪುಟ್ಟ ತಿರುಪನ್ನು ಹಿಡಿದು ಕೀ ಕೊಟ್ಟು ನೋಡೋಣ ಎಂದು ನಾನು ಕೈ ಹಾಕಿದರೆ ಫಟ್ಟನೆ ಬೆರಳಿಗೆ ಹೊಡೆದಳು. "ಮುಟ್ಟಬ್ಯಾಡ! ಅದು ಮುಳ್ಳು ಸರಿ ಮಾಡೋದು, ಕೀ ಕೊಡೋದಲ್ಲ. ಒಳಗೆ ಸ್ಪ್ರಿಂಗ್ ಹರಿದು ಹೋಗ್ತೈತೆ ಅಂತ ನಿಮ್ಮ ಮಾವ ನೂರು ಸಲ ಹೇಳ್ಯಾರೆ." ಮಾವ ಹೇಳಿದ ಹಾಲು, ಮೊಸರು, ಔಷಧಿ ಒಂದನ್ನೂ ಕೇಳದವಳಿಗೆ ಇದೊಂದು ವೇದವಾಕ್ಯವಾಗಿಬಿಟ್ಟಿತ್ತು.

ಪೇಟೆಯ ಒಂದು ವಾಚ್ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿದ್ದವನು ಗಡಿಯಾರವನ್ನು ತಿರುಗಿಸಿ ನೋಡಿ "ಒಳಗಿಂದೆಲ್ಲ ತೆಗೆದು ಬ್ಯಾಟರಿ ಮಷಿನ್ ಕೂರಿಸಿಕೊಡ್ತೀನಿ ಅಮ್ಮ, ಕೈ ಬೀಸೋ ಕೆಲಸಾನೇ ಇರಲ್ಲ" ಎಂದ. ಪಾಪ, ಒಳ್ಳೆಯದಕ್ಕೇ ಹೇಳಿದ. ಅತ್ತೆ ಅವನಿಗೆ ಕೊಟ್ಟ ಬೈಗುಳ ಕೇಳಿ ಎದುರಿನ ಎಳನೀರಿನವನು ಮಚ್ಚು ಕೆಳಗಿಟ್ಟು ನಿಂತುಬಿಟ್ಟ.

ಮಾವ ಆ ಗಡಿಯಾರವನ್ನು ಹರಿಹರದ ಮೆಹಬೂಬ್ ಸಾಬರ ಹತ್ತಿರ ತೋರಿಸುತ್ತಿದ್ದರೆಂದು ಗೊತ್ತಿತ್ತು. ಸರಿ, ಅಂಗಡಿ ಬಾಗಿಲು ಹಾಕಿ, ಬಸ್ಸು ಹತ್ತಿ, ಹರಿಹರಕ್ಕೆ ಹೋದೆವು. ಸ್ಟೇಷನ್ ಕಡೆಯ ಒಂದು ಸಂದಿಯಲ್ಲಿ ಸಾಬರ ಅಂಗಡಿ. ಅಂಗಡಿ ಎನ್ನುವುದಕ್ಕಿಂತ ಗೋಡೆಯೊಳಗಿನ ಗೂಡು. ಸಾಬರು ಬೆನ್ನನ್ನು ಗೋಡೆಗೂ ಮೊಣಕಾಲನ್ನು ಮೇಜಿಗೂ ಕೊಟ್ಟು ಕೂತಿದ್ದರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದರು, ಅದನ್ನು ತೆಗೆಯದೆಯೇ ನಮ್ಮನ್ನು ನೋಡಿದರು.

"ಬರ್ರಿ, ಕೂಡ್ರಿ. ಈ ಗಡಿಯಾರ ಬಿಚ್ಚೋ ಕೈ ಈ ಜಿಲ್ಲಾದಾಗೆ ಎರಡೇ ಅದಾವು. ಒಂದು ನನ್ನ ಬಲಗೈ, ಇನ್ನೊಂದು ನನ್ನ ಎಡಗೈ" ಎಂದರು. ಬಡಾಯಿಗೆ ಬಡಾಯಿ. ಮಾವನಿಗೂ ಇವರಿಗೂ ಹೇಗೆ ಜೊತೆಯಾಯಿತೆಂದು ಆಗಲೇ ಗೊತ್ತಾಯಿತು.

ಹಿಂದಿನ ಮುಚ್ಚಳ ತಿರುವಿ ತೆಗೆದರು. ಒಳಗೆ ನೋಡಿದರು. ಚಿಮಟ ಕೆಳಗಿಟ್ಟು ಅತ್ತೆಯ ಮುಖ ನೋಡಿದರು.

"ಅಮ್ಮಾ, ಇದು ಗಡಿಯಾರನೋ ಹಿಟ್ಟಿನ ಡಬ್ಬಿನೋ?"

"ಯಾಕ? ಏನಾಗೈತೆ?"

"ಏನಾಗಿಲ್ಲ ಕೇಳ್ರಿ. ಜೋಳದ ಹಿಟ್ಟು ಎಣ್ಣಿಗೆ ಕಲಸಿಕೊಂಡು ಅಂಟಾಗೈತೆ. ಟಿಕ್ ಟಿಕ್ ಅನ್ನಿಸೋ ಬ್ಯಾಲೆನ್ಸ್ ಚಕ್ರದ ಕಡ್ಡಿ ಮುರಿದೈತೆ. ಕೂದಲಿನಷ್ಟು ಸಣ್ಣ ಕಡ್ಡಿ ಅದು. ಏನು ಮಾಡಿದ್ರಿ ಇದನ್ನ ಕಟ್ಟಿಕೊಂಡು?"

ಅತ್ತೆ ಒಂದಿಷ್ಟೂ ಅಳುಕದೆ "ರೊಟ್ಟಿ ಬಡಿದೆ" ಎಂದಳು.

ನನ್ನ ತಲೆ ಗಿರ್ರೆಂದಿತು. ಗಡಿಯಾರ ಎಡಗೈಯಲ್ಲಿದ್ದದ್ದನ್ನಷ್ಟೇ ನಾನು ನೋಡಿದ್ದು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅದನ್ನು ಬಲಗೈಗೆ ಬದಲಾಯಿಸಿಕೊಳ್ಳುತ್ತಿದ್ದಳಂತೆ. "ಕೈ ಆಡಿಸಬೇಕು ಅಂತ ಐತಲ್ಲ? ರೊಟ್ಟಿ ಬಡಿಯೋವಾಗ ಆಡಿದಷ್ಟು ಕೈ ಇನ್ಯಾವಾಗ ಆಡ್ತೈತೆ ಹೇಳ್ರಿ" ಎಂದು ಸಾಬರನ್ನೇ ಕೇಳಿದಳು.

"ಆಡ್ಸೋದು ಬ್ಯಾರೆ, ಬಡಿಯೋದು ಬ್ಯಾರೆ!" ಸಾಬರು ಕೂತಲ್ಲೇ ಕೂಗಿದರು. "ಕೂಸನ್ನ ಆಡಿಸು ಅಂದ್ರೆ ಎತ್ತಿ ನೆಲಕ್ಕೆ ಬಡಿತೀರೇನು?"

"ಕೂಸಿನ ವಿಷಯ ನಂಗೆ ಕಲಿಸ್ಬ್ಯಾಡ್ರಿ. ನೀವು ರಿಪೇರಿ ಮಾಡ್ರಿ" ಎಂದು ಅತ್ತೆ ಎದ್ದು, ದೇವಸ್ಥಾನದ ಬಾಗಿಲು ಹಾಕಿಬಿಡುತ್ತಾರೆ, ಹರಿಹರಕ್ಕೆ ಬಂದು ಹರಿಹರೇಶ್ವರನ ಮುಖ ನೋಡದೆ ಹೋಗುವುದಕ್ಕಾಗುತ್ತದೆಯೇ ಎನ್ನುತ್ತ ಆಟೋ ಹತ್ತಿ ಹೊರಟೇಹೋದಳು. ನನ್ನನ್ನು ಗಡಿಯಾರಕ್ಕೆ ಕಾವಲು ಬಿಟ್ಟಳು.

ಅವಳು ಮರೆಯಾದ ಮೇಲೆ ಸಾಬರು ಗಡಿಯಾರವನ್ನು ನನ್ನ ಕಡೆ ತಿರುಗಿಸಿದರು. ಭೂತಗನ್ನಡಿ ತೆಗೆದು ನನ್ನ ಕೈಗೆ ಕೊಟ್ಟರು.

"ಏನು ಕಾಣ್ತೈತೆ?"

"ಚಕ್ರಗಳು."

"ಏನು ಕಾಣ್ತಾ ಇಲ್ಲ, ಅದನ್ನ ಹೇಳ್ರಿ."

"ಕಾಣದೇ ಇರೋದನ್ನ ಹೆಂಗೆ ಹೇಳ್ಲಿ ಸಾಬ್ರೇ? ನನ್ನ ಬ್ಲೌಸುಗಳು ಅಲ್ಲಿ ಬಿದ್ದಾವೆ, ಒಗಟು ಹೇಳ್ಬ್ಯಾಡ್ರಿ" ಎಂದು ನಾನೂ ಜೋರು ಮಾಡಿದೆ.

ಆಗ ಹೇಳಿದರು. ಆಟೋಮ್ಯಾಟಿಕ್ ಗಡಿಯಾರದ ಬೆನ್ನಿಗೆ ಅರ್ಧಚಂದ್ರದಂಥ ಒಂದು ತೂಕದ ತುಂಡು ಇರುತ್ತದೆ. ಅದಕ್ಕೆ ರೋಟರ್ ಎನ್ನುತ್ತಾರೆ. ನಡುವೆ ಒಂದೇ ಮೊಳೆಯ ಮೇಲೆ ನಿಂತಿರುವುದರಿಂದ ಅದು ಸಡಿಲವಾಗಿ ತಿರುಗುತ್ತದೆ. ಕೈ ಎತ್ತಿದರೆ ಭಾರದ ಕಡೆ ಕೆಳಕ್ಕೆ ಜಾರುತ್ತದೆ, ಕೈ ಇಳಿಸಿದರೆ ಮತ್ತೆ ಇತ್ತ ಜಾರುತ್ತದೆ. ಹೀಗೆ ಜಾರಿದಾಗಲೆಲ್ಲ ಕೆಳಗಿನ ಚಕ್ರಗಳನ್ನು ತಳ್ಳಿ ಸ್ಪ್ರಿಂಗನ್ನು ಒಂದಿಷ್ಟು ಸುತ್ತುತ್ತದೆ. ಆ ಸ್ಪ್ರಿಂಗು ಬಿಚ್ಚಿಕೊಳ್ಳುತ್ತ ಮುಳ್ಳುಗಳನ್ನು ನಡೆಸುತ್ತದೆ. ಕಟ್ಟಿಕೊಂಡವನು ಊಟ ಮಾಡಿದರೂ, ತಲೆ ಕೆರೆದುಕೊಂಡರೂ ಅದಕ್ಕೆ ಕೆಲಸವೇ. ಅಷ್ಟೇ ಇದರ ಮಾಯ. ಮತ್ತೆ, ಪಕ್ಕದ ತಿರುಪಿನಿಂದಲೂ ಧಾರಾಳವಾಗಿ ಕೀ ಕೊಡಬಹುದು, ಏನೂ ಹರಿಯುವುದಿಲ್ಲ.

"ಈ ಗಡಿಯಾರದಾಗೆ ಆ ರೋಟರೇ ಇಲ್ಲ" ಎಂದರು ಸಾಬರು.

"ಇಲ್ಲ ಅಂದ್ರೆ? ಯಾರು ತೆಗೆದ್ರು?"

"ನಾನೇ."

ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಮೇಜಿನ ಮೇಲಿದ್ದ ಮುಚ್ಚಳಗಳನ್ನೆಲ್ಲ ಬಾಚಿ ಮೋರಿಗೆ ಎಸೆಯಬೇಕೆನಿಸಿತು. ಸಾಬರು ಮಾತ್ರ ನಿಧಾನಕ್ಕೆ ಹೇಳುತ್ತ ಹೋದರು. ಬಹಳ ವರ್ಷದ ಹಿಂದೆ ರೋಟರಿನ ನಡುವಿನ ಮೊಳೆ ಸವೆದು ಅದು ಒಳಗೆ ಲೊಡಲೊಡ ಎನ್ನುತ್ತ ಮೈಗೆ ಉಜ್ಜುತ್ತಿತ್ತಂತೆ. ಹಾಗೇ ಬಿಟ್ಟರೆ ಉಳಿದ ಚಕ್ರಗಳೂ ಹಾಳು. ಮೊಳೆ ಎಲ್ಲೂ ಸಿಗಲಿಲ್ಲ. ಸಿಗುವ ತನಕ ತೆಗೆದಿಡೋಣ, ದಿನಾ ಕೈಯಿಂದ ಕೀ ಕೊಟ್ಟುಕೊಳ್ಳಿ ಎಂದು ಇವರೇ ಹೇಳಿ ರೋಟರ್ ತೆಗೆದಿಟ್ಟಿದ್ದರು. ಮಾವ ಒಪ್ಪಿ, ಎದ್ದು ಹೋಗುವ ಮುಂಚೆ ಸಾಬರ ಕೈ ಹಿಡಿದುಕೊಂಡಿದ್ದರಂತೆ.

"ಏನಂದ್ರು ಗೊತ್ತೇನಮ್ಮ? 'ಮೆಹಬೂಬ್, ನಾನು ಹೇಳಿದ್ದು ಒಂದನ್ನೂ ಆ ಮನೆಯಾಗೆ ನಂಬಂಗಿಲ್ಲ. ಇದೊಂದನ್ನ ಗಿರಿಜಾ ನಂಬ್ಯಾಳೆ. ನೀನು ಯಾರ ಹತ್ರನೂ ಬಾಯಿ ಬಿಡಬ್ಯಾಡ' ಅಂದ್ರು. ನಾನು ಬಿಟ್ಟಿಲ್ಲ. ಇವತ್ತು ನಿಮ್ಮ ಮುಂದೆ ಬಿಟ್ಟೆ, ಯಾಕಂದ್ರೆ ಇನ್ನು ಅದನ್ನ ಕಾಯೋರು ನೀವು."

ನಮ್ಮಪ್ಪ ಚೇಷ್ಟೆಗೆ ಆಡಿದ ಮಾತು ಅಕ್ಷರಶಃ ನಿಜವಾಗಿತ್ತು. ಅಷ್ಟು ವರ್ಷ ಮಾವ ಕದ್ದೇ ಕೀ ಕೊಟ್ಟಿದ್ದರು. ಅದು ಅತ್ತೆಗೆ ಗೊತ್ತಾದರೆ ಏನು ಗತಿ? "ಆ ರೋಟರ್ ಈಗ ಎಲ್ಲೈತೆ?" ಎಂದು ಕೇಳಿದೆ.

"ಇಲ್ಲೇ ಐತೆ. ಎಲ್ಲಿ ಹೋಗ್ತೈತೆ?"

ಈ 'ಇಲ್ಲೇ ಐತೆ' ಎನ್ನುವುದು ಹರಿಹರದಲ್ಲಿ ಎಷ್ಟು ದೊಡ್ಡ ಜಾಗವೆಂದು ಮುಂದೆ ತಿಳಿಯಿತು. ಸಾಬರ ಗೂಡಿನಲ್ಲಿ ತಂಬಾಕಿನ ಡಬ್ಬಿ, ಗುಳಿಗೆಯ ಬಾಟಲಿ, ಪೌಡರ್ ಡಬ್ಬಿಗಳು ಮಾಡಿನವರೆಗೆ ತುಂಬಿದ್ದವು. ಎಲ್ಲದರಲ್ಲೂ ಕಾಗದದ ಪೊಟ್ಟಣಗಳು, ಯಾವುದರ ಮೇಲೂ ಹೆಸರಿಲ್ಲ. ಫೋನು ಮಾಡಿದಾಗಲೆಲ್ಲ "ಇವತ್ತು ಸಿಗ್ತೈತೆ" ಎನ್ನುತ್ತಿದ್ದರು. ಬೇಸಿಗೆ ಹೋಯಿತು, ಮಳೆ ಬಂತು, ಮಳೆಯೂ ಹೋಯಿತು. "ಒಂದು ದಿನ ಅಂತ ಹೇಳ್ರಿ ಸಾಬ್ರೇ, ನಿಮ್ಮ ಕಾಲು ಹಿಡಿತೀನಿ" ಎಂದರೆ "ಗಡಿಯಾರ ರಿಪೇರಿಗೆ ಕೊಟ್ಟೋರು ಟೈಮು ನೋಡಬಾರ್ದಮ್ಮ" ಎನ್ನುತ್ತಿದ್ದರು. ಇತ್ತ ಅತ್ತೆ ದಿನಾ ಅಂಗಡಿಗೆ ಬಂದು ಹೊಲಿಗೆ ಮಷಿನ್ನಿನ ಪಕ್ಕ ಕೂತು ಪ್ರಾಣ ತಿನ್ನುತ್ತಿದ್ದಳು. "ಬರೀ ಎಣ್ಣಿ ಹಾಕಾಕೆ ಇಷ್ಟು ದಿನಾನಾ? ನೀನು ಅವರಿಗೆ ಸರಿಯಾಗಿ ಜೋರು ಮಾಡಲ್ಲ. ಫೋನ್ ಕೊಡಿಲ್ಲಿ." ಫೋನು ಅವಳ ಕೈಗೆ ಹೋದರೆ ಸಾಬರು ಬಾಯ್ತಪ್ಪಿ ಏನಾದರೂ ಹೇಳಿಯಾರು ಎಂಬ ಹೆದರಿಕೆಯಿಂದ ನಾನು ಫೋನನ್ನು ಬಟ್ಟೆ ಚೂರುಗಳ ಕೆಳಗೆ ಮುಚ್ಚಿಡುತ್ತಿದ್ದೆ. ಮದುವೆ ಸೀಸನ್ನಿನಲ್ಲಿ ಹರಿಹರದ ಬಸ್ಸಿನಲ್ಲಿ ಕೂತಿರುತ್ತಿದ್ದವಳು ನಾನೊಬ್ಬಳೇ ಟೈಲರ್ ಇರಬೇಕು. ತೋಳು ಬಿಗಿ, ಕುತ್ತಿಗೆ ಅಗಲ ಎಂದು ಗಿರಾಕಿಗಳು ಬೈದರು. ಎರಡೂ ಕಡೆಯಿಂದ ರುಬ್ಬಿಸಿಕೊಂಡು ನಾನು ಹಣ್ಣಾಗಿ ಹೋದೆ.

ಕೊನೆಗೂ ರೋಟರ್ ಸಿಕ್ಕಿತು. ಎಲ್ಲಿ ಎಂದರೆ, ಸಾಬರು ಕೂರುವ ಸ್ಟೂಲಿನ ದಿಂಬಿನ ಕೆಳಗೆ. ಕಳೆದೀತೆಂದು ಬಹಳ ಜೋಪಾನವಾಗಿ ಅಲ್ಲಿ ಇಟ್ಟಿದ್ದರಂತೆ! ಸವೆದ ಮೊಳೆಗೆ ಬದಲಾಗಿ ಹೊಸದನ್ನು ಹರಿಹರದ ಲೇತ್ ಕೆಲಸದ ಗೆಳೆಯರೊಬ್ಬರಿಂದ ತಿರುವಿಸಿದರು. ಮೊದಲನೆಯದು ದಪ್ಪವಾಯಿತು, ಮುಂದಿನದು ಸಾಬರ ಚಿಮಟದಿಂದ ಹಾರಿ ಮೋರಿ ಸೇರಿತು. ಅಂತೂ ಒಂದು ಕೂತಿತು. ಬಿಡಿಬಿಡಿಯಾಗಿ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ನಮ್ಮ ಮನೆಯ ಜೋಳದ ಹಿಟ್ಟೆಲ್ಲ ತೆಗೆದು, ಬ್ಯಾಲೆನ್ಸಿಗೆ ಹೊಸ ಕಡ್ಡಿ ಹಾಕಿ, ಸೂಜಿಮೊನೆಯಲ್ಲಿ ಎಣ್ಣೆ ಮುಟ್ಟಿಸಿದರು.

ಕೊಡುವ ದಿನ ಅತ್ತೆಯೂ ಬಂದಳು. ಸಾಬರು ಮುಚ್ಚಳ ಹಾಕುವ ಮುಂಚೆ ಗಡಿಯಾರವನ್ನು ಅವಳ ಮುಂದೆ ಹಿಡಿದು ಅತ್ತಿತ್ತ ವಾಲಿಸಿದರು. ಅರ್ಧಚಂದ್ರ ಮೆತ್ತಗೆ ಸುತ್ತಿತು. ಅತ್ತೆ ಬಗ್ಗಿ ಬಹಳ ಹೊತ್ತು ನೋಡಿದಳು.

"ಇದೇನಾ ಕೀ ಕೊಡೋದು?"

"ಇದೇ ಅಮ್ಮ. ಇದಕ್ಕೆ ಬ್ಯಾರೆ ಕೀ ಬ್ಯಾಡ" ಎಂದು ಸಾಬರು ನನ್ನ ಕಡೆ ನೋಡದೆ ಹೇಳಿದರು. "ರೊಟ್ಟಿ ಮಾತ್ರ ಬಡಿಯಂಗಿಲ್ಲ. ಬಡಿದ್ರೆ ನನ್ನ ಅಂಗಡಿ ಮೆಟ್ಟಿಲು ಹತ್ತಬ್ಯಾಡ್ರಿ."

ಅವತ್ತೇ, ಮನೆಗೂ ಹೋಗದೆ, ಅತ್ತೆ ನನ್ನನ್ನೂ ಎಳೆದುಕೊಂಡು ಲೋಕಿಕೆರೆಯ ಬಸ್ಸು ಹತ್ತಿದಳು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಅತ್ತೆ ಕೈ ಚಾಚಿ, ಕಿವಿಗೆ ಹಿಡಿದು, ಬೀಸಿ, ಎಲ್ಲ ತೋರಿಸಿದಳು. ಅಪ್ಪ ಕೇಳಿದ, ನೋಡಿದ, ಎಲೆಗೆ ಸುಣ್ಣ ಹಚ್ಚಿಕೊಂಡ. "ನಡೀತೈತೆ ಸರಿ. ಬೆಳಿಗ್ಗೆ ಕೀ ಕೊಟ್ಕೊಂಡು ಬಂದಿರ್ತೀಯ. ಭಾವನ ಹೆಂಡ್ತಿ ಅಲ್ಲವಾ ನೀನು?" ಎಂದು ನಕ್ಕ. ನನಗೆ ಉರಿದು ಹೋಯಿತು. ಎಷ್ಟು ಓಡಾಡಿದ್ದೆ ನಾನು! "ನಿನ್ನ ಕೈಗೆ ಕಟ್ಟಿಕೊಂಡು ನೋಡಪ್ಪ" ಎಂದರೆ ಅತ್ತೆ ಬಿಚ್ಚಲು ಒಪ್ಪಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಮುಂದಿನ ಕೆಲವು ವರ್ಷ ಗಡಿಯಾರಕ್ಕೆ ಸುಗ್ಗಿ. ನಾನು ಮೊದಲು ಹೇಳಿದ ಕೈ ಬೀಸಾಟ ಆ ಕಾಲದ್ದು. ರೊಟ್ಟಿಯ ಹೊತ್ತಿನಲ್ಲಿ ಬಿಚ್ಚಿಡಬೇಕಲ್ಲ, ಅಷ್ಟು ಹೊತ್ತು ಸುಮ್ಮನೆ ಬಿಟ್ಟರೆ ನಷ್ಟ ಎಂದು ಅವಳ ಲೆಕ್ಕ. ಬಿಚ್ಚಿಟ್ಟರೂ ಒಂದು ದಿನಕ್ಕಿಂತ ಹೆಚ್ಚೇ ನಡೆಯುತ್ತದೆ ಎಂದು ನಾನು ಬಡಕೊಂಡದ್ದು ಗಾಳಿಗೆ ಹೋಯಿತು. ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಪಕ್ಕದ ಮನೆಯ ನಸೀಮಾಳ ಕೂಸಿನ ತೊಟ್ಟಿಲಿಗೆ ಗಡಿಯಾರ ಕಟ್ಟಿದ್ದಾಳೆ. ತೊಟ್ಟಿಲಿಗೆ ಉದ್ದನೆಯ ಹಗ್ಗ ಬಿಗಿದು, ಅದರ ತುದಿಯನ್ನು ತನ್ನ ಕಾಲ್ಬೆರಳಿಗೆ ಸುತ್ತಿಕೊಂಡು, ಈ ಕಡೆ ರೊಟ್ಟಿ ಬಡಿಯುತ್ತ ಆ ಕಡೆ ತೂಗುತ್ತಿದ್ದಾಳೆ. ಕೂಸು ಮಲಗಿತ್ತು, ಗಡಿಯಾರ ನಡೆದಿತ್ತು, ನಸೀಮಾ ಆರಾಮಾಗಿ ಬಟ್ಟೆ ಒಗೆಯುತ್ತಿದ್ದಳು. ನಾನು ತಡೆಯಲಾರದೆ ಸಾಬರಿಗೆ ಫೋನು ಮಾಡಿದೆ. "ತೊಟ್ಲಿಗಾ?" ಎಂದು ಕಿರುಚಿದರು. ಆಮೇಲೆ "ಬಡಿಯಂಗಿಲ್ಲ ಅಂದಿದ್ದೆ, ತೂಗಂಗಿಲ್ಲ ಅಂದಿರಲಿಲ್ಲ. ಬಿಡ್ರಿ" ಎಂದು ಇಟ್ಟುಬಿಟ್ಟರು.

ಆ ಕೈ ನಿಂತದ್ದು ಅವಳು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ. ಆಪರೇಷನ್ ಆಯಿತು, ಮನೆಗೆ ಬಂದಳು, ಆದರೆ ಮಂಚ ಬಿಟ್ಟು ಏಳಲಿಲ್ಲ. ಬರಬರುತ್ತ ಮಾತೂ ಕಡಿಮೆ, ಬೈಗುಳವೂ ಕಡಿಮೆಯಾಯಿತು. ಬೈಯದ ಅತ್ತೆಯನ್ನು ನೋಡಲು ನನಗೆ ಭಯವಾಗುತ್ತಿತ್ತು. ಎಡಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಅಷ್ಟು ಕಡಿಮೆ ಆಡುವ ಕೈಯಲ್ಲಿ ರೋಟರ್ ತಾನೇ ಏನು ಮಾಡೀತು? ಒಂದು ಮಧ್ಯಾಹ್ನ ಹೋದಾಗ ಗಡಿಯಾರ ನಿಂತಿತ್ತು. ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಎಚ್ಚರವಾದಾಗ ನಿಂತದ್ದನ್ನು ನೋಡಿದರೆ ಸಂಕಟಪಟ್ಟಾಳೆಂದು, ಸದ್ದಾಗದಂತೆ ಕೈಯಿಂದ ಬಿಚ್ಚಿ, ಕಿಟಕಿಯ ಕಡೆ ತಿರುಗಿ, ತಿರುಪು ಹಿಡಿದು ತಿರುವತೊಡಗಿದೆ.

"ಮೆಲ್ಲಗೆ ತಿರುವೇ. ನಿಮ್ಮ ಮಾವ ಹಿಂಗೆ ಗರಗರ ಅನ್ನಿಸ್ತಿರಲಿಲ್ಲ."

ಕೈ ಅಲ್ಲೇ ನಿಂತಿತು. ತಿರುಗಿ ನೋಡಿದರೆ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾಳೆ.

"ಅತ್ತೆ... ನಿಂಗೆ ಗೊತ್ತಿತ್ತಾ?"

"ಒಂದೇ ಮನೆಯಾಗೆ ಬದುಕಿದೋಳಿಗೆ ಗೊತ್ತಾಗಲ್ಲೇನೇ? ನಾನು ನೀರೊಲೆ ಹಚ್ಚಾಕೆ ಎದ್ದು ಹೋದ ಕೂಡ್ಲೇ ಶುರು ಮಾಡ್ತಿದ್ರು. ನಾನು ಬಚ್ಚಲದಾಗೆ ನಿಂತ್ಕೊಂಡು, ಅವರದು ಮುಗಿದ ಮೇಲೆ ಒಳಗೆ ಬರ್ತಿದ್ದೆ. ಆ ಮನುಷ್ಯಂಗೆ ಎಲ್ಲದಕ್ಕೂ ಬೈದೀನಿ. ಇದಕ್ಕೆ ಬೈಯಾಕೆ ಮನಸ್ಸಾಗಲಿಲ್ಲ."

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. "ಗೊತ್ತಿದ್ದೂ ನನ್ನ ಹರಿಹರಕ್ಕೆ ಅಷ್ಟು ಅಲೆದಾಡಿಸಿದ್ಯಾ? ಒಂದು ಸಲ ತಿರುಪು ತಿರುವಿದ್ರೆ ಮುಗೀತಿತ್ತಲ್ಲ! ನನ್ನ ಬೆರಳಿಗೆ ಬ್ಯಾರೆ ಹೊಡೆದೆ!"

"ಅವತ್ತು ನಿಮ್ಮಪ್ಪ ಅಷ್ಟು ಜನರ ಮುಂದೆ ಅಂದ ಮೇಲೆ, ನಾವು ಕೀ ಕೊಟ್ರೆ ಅವರು ಸುಳ್ಳುಗಾರರು ಆಗಿ ಹೋಗ್ತಿದ್ರು. ತಾನೇ ನಡೆಯೋ ಹಂಗೆ ಆದ್ರೆ ಅವರು ಹೇಳಿದ್ದು ನಿಜ ಆಗ್ತಿತ್ತು. ಆತಲ್ಲ?" ಉಸಿರು ತಗೊಂಡಳು. "ನಿಮ್ಮಪ್ಪಂಗೆ ಮಾತ್ರ ಹೇಳ್ಬ್ಯಾಡ. ಹೇಳಿದ್ಯೋ ನೋಡು ಮತ್ತೆ."

ಅದು ಅವಳು ನನಗೆ ಹಾಕಿದ ಕೊನೆಯ ಬೆದರಿಕೆ. ಮೆಲ್ಲಗೆ ಕೀ ಕೊಟ್ಟು, ಅವಳ ಕೈಗೆ ಕಟ್ಟಿ ಬಂದೆ. ಆ ವಾರದಲ್ಲೇ ಹೋದಳು.

ಮಣ್ಣಿಗೆ ಕೊಂಡೊಯ್ಯುವ ಮುಂಚೆ ಕೈಯಿಂದ ಗಡಿಯಾರ ಬಿಚ್ಚಿ ಅಪ್ಪನ ಕೈಗೆ ಕೊಟ್ಟರು. ಅದು ನಿಂತಿತ್ತು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಇದಕ್ಕೆ ಕೀ ಎಲ್ಲಿ ಕೊಡೋದೇ?" ಎಂದು ನನ್ನನ್ನು ಕೇಳಿದ. ಚೇಷ್ಟೆಯ ದನಿಯಲ್ಲ, ನಿಜವಾಗಿಯೇ ಕೇಳಿದ.

"ಕೀ ಬ್ಯಾಡಪ್ಪ. ಕಟ್ಟಿಕೊಂಡು ಓಡಾಡು."

ಅಪ್ಪ ನನ್ನ ಮುಖ ನೋಡಿ, ಕಟ್ಟಿಕೊಂಡ. ಮುಳ್ಳು ಸರಿ ಮಾಡಲು ನಾನೇ ತೋರಿಸಿಕೊಟ್ಟೆ, ಒಂದು ಸುತ್ತೂ ಕೀ ಕೊಡಲಿಲ್ಲ. ಆಮೇಲೆ ಅವನಿಗೆ ಕೂರಲು ಹೊತ್ತೆಲ್ಲಿತ್ತು? ಹೂವಿನವರನ್ನು ಕರೆದ, ಬಂದವರಿಗೆ ಕೈ ಮುಗಿದ, ಅಕ್ಕನಿಗೆ ಹೆಗಲು ಕೊಟ್ಟ, ಹಿಡಿ ಮಣ್ಣು ಹಾಕಿದ. ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ಕೂತು ಕೈಯನ್ನು ಕಿವಿಗೆ ಹಿಡಿದುಕೊಂಡ. ಹಾಗೇ ಬಹಳ ಹೊತ್ತು ಕೂತಿದ್ದ. ಇಳಿಸಿದಾಗ ಕಣ್ಣೆಲ್ಲ ನೀರು.

"ಶೈಲಾ, ನಾನೇ ಕಟ್ಟಿಕೊಂಡೀನಿ, ನಾನೇ ನೋಡ್ತಾ ಇದೀನಿ, ತಾನೇ ನಡೀತಾ ಐತೆ ಕಣೇ" ಎಂದ. "ಪಾಪ, ಭಾವ ನಿಜಾನೇ ಹೇಳ್ತಿದ್ದ. ಜೀವಮಾನ ಎಲ್ಲ ನಗಾಡಿಬಿಟ್ಟೆ ನಾನು."

ನಾನು ಒಳಗಿನಿಂದ ನೀರು ತಂದು ಅವನ ಮುಂದೆ ಇಟ್ಟೆ.

"ಮತ್ತೆ? ಮಾವ ಯಾವತ್ತಪ್ಪ ಸುಳ್ಳು ಹೇಳಿದ್ರು?" ಎಂದೆ.